ಕಡಿಮೆ ಅಂಕ ಪಡೆದ ರೈತರ ಮಕ್ಕಳಿಗೆ ವಿಶ್ವವಿದ್ಯಾನಿಲಯದ ದಾರಿಗಳು

ಮುಂಗಾರಿನ ಉಳುಮೆಗೆ ರೈತರು ಸಿದ್ಧರಾಗುವ ದಿನಗಳಲ್ಲೇ ಪರೀಕ್ಷೆಗಳ ಫಲಿತಾಂಶವೂ ಬರುತ್ತದೆ. ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ದಾಸನಪುರದ ಸುತ್ತಣ ಹಳ್ಳಿಗಳಲ್ಲಿ ಆಗ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಹುಡುಗನಿಗೆ ಅಂಕ ಸಾಲಲಿಲ್ಲ. ಹತ್ತು ಗುಂಟೆ ಕೊಟ್ಟಾದರೂ ಒಂದು ಸೀಟು ಮಾಡಿಸಬೇಕು." ಈ ಹಳ್ಳಿಗಳಲ್ಲಿ ಗುಂಟೆಗೆ ಬರುವ ಬೆಲೆಯಲ್ಲಿ ಸೀಟು ಕೊಳ್ಳುವುದು ಸಾಧ್ಯವೆಂದೇ ತೋರುತ್ತದೆ. ಮಾರಿದ ಮೇಲೆ ಜಮೀನು ಮರಳಿ ಬಾರದು. ಅದರ ಜೊತೆಗೆ, ಆ ಜಮೀನಿನ ಕಾರಣದಿಂದಲೇ ಮಗುವಿಗೆ ದೊರೆಯಬಹುದಾಗಿದ್ದ ಒಂದು ಹಕ್ಕೂ ಕೈತಪ್ಪಬಹುದೆಂಬುದು ಎಷ್ಟೋ ಕುಟುಂಬಗಳಿಗೆ ತಿಳಿದಿರುವುದಿಲ್ಲ.

ಅಂಕ ಕಡಿಮೆ ಬಂದ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತೆಂದು ತಿಳಿಯುವುದು ಸರಿಯಲ್ಲ. ಒಂದೊಂದು ಬಾಗಿಲಿನಲ್ಲಿ ಒಂದೊಂದು ಬಗೆಯ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಯಾವ ಬಾಗಿಲಿನಲ್ಲಿ ಯಾವುದು ಎಣಿಕೆಗೆ ಬರುತ್ತದೆ, ಅದಕ್ಕೆ ಎಷ್ಟು ಮುಂಚಿನಿಂದ ಸಿದ್ಧವಾಗಬೇಕು, ಯಾವ ದಾಖಲೆಗಳನ್ನು ಕಾಪಾಡಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಈ ಪ್ರದೇಶದ ವಿಶೇಷ ಪರಿಸ್ಥಿತಿ

ಬೆಂಗಳೂರಿನ ಹೊರವಲಯದ ಬೇಸಾಯದ ಭೂಮಿ ಕೈಗಾರಿಕೆಗೆ ತಿರುಗಿದ್ದು ಒಂದೇ ದಿನದಲ್ಲಿ ಅಲ್ಲ. 1966ರ ಕಾಯಿದೆಯಂತೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗ ಅವರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಸುಮಾರು 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ವೈಟ್‌ಫೀಲ್ಡ್ ಬಳಿಯ ತಂತ್ರಜ್ಞಾನ ಪಾರ್ಕು 1990ರ ದಶಕದ್ದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾಯಿತು. ವೈಟ್‌ಫೀಲ್ಡ್ ಭಾಗದ ಮಹದೇವಪುರ, ಪೀಣ್ಯ ಭಾಗದ ದಾಸರಹಳ್ಳಿ ನಗರಸಭೆಗಳು ಅದರಲ್ಲಿ ಸೇರಿಹೋದವು.

ಇದರ ಪರಿಣಾಮವಾಗಿ ಈ ಭಾಗದ ರೈತನ ಮಗು ಎರಡು ಕಡೆಯಿಂದಲೂ ಇಕ್ಕಟ್ಟಿಗೆ ಸಿಕ್ಕಿದೆ. ನಗರದ ದೊಡ್ಡ ಶಾಲೆಗಳ ಮಕ್ಕಳೊಡನೆ ಅಂಕಗಳಲ್ಲಿ ಸ್ಪರ್ಧಿಸಬೇಕು. ಗ್ರಾಮೀಣ ಮಕ್ಕಳಿಗೆ ಇರುವ ಸೌಲಭ್ಯವನ್ನು ಕೇಳಹೋದರೆ ಊರು ಪಾಲಿಕೆಗೆ ಸೇರಿರುತ್ತದೆ. ಆದುದರಿಂದ ಈ ಪ್ರದೇಶದ ಪೋಷಕರು ಮಿಕ್ಕವರಿಗಿಂತ ಹೆಚ್ಚು ಎಚ್ಚರದಿಂದ ದಾರಿಯನ್ನು ಆರಿಸಬೇಕಾಗಿದೆ.

ಕೃಷಿ ಪದವಿಗೆ ಪ್ರವೇಶ: ಅಂಕಗಳ ಲೆಕ್ಕಾಚಾರ

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 1964ರಲ್ಲಿ ಕಾರ್ಯಾರಂಭ ಮಾಡಿದಾಗ ಅಮೆರಿಕದ ಭೂದತ್ತಿ ಕಾಲೇಜುಗಳ ಮಾದರಿಯನ್ನು ಅನುಸರಿಸಿತು. 1862ರ ಕಾನೂನಿನಿಂದ ಹುಟ್ಟಿದ ಆ ಕಾಲೇಜುಗಳ ಉದ್ದೇಶ ರೈತರ ಮತ್ತು ದುಡಿಯುವವರ ಮಕ್ಕಳಿಗೆ ಉನ್ನತ ಶಿಕ್ಷಣ ನೀಡುವುದಾಗಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರನ್ನೂ ಒಂದೇ ಸೂರಿನಡಿ ನಡೆಸುವ ಪದ್ಧತಿ ಅಲ್ಲಿಂದಲೇ ಬಂದುದು. ಹೊಲದಲ್ಲಿ ದುಡಿದ ಕೈಗೆ ಬೆಲೆ ಕೊಡಬೇಕೆಂಬ ತತ್ವವು ಇಂದಿಗೂ ಕೃಷಿ ಪದವಿಯ ಪ್ರವೇಶ ನಿಯಮದಲ್ಲಿ ಉಳಿದಿದೆ. ಅದೇ ವ್ಯವಸಾಯಗಾರರ ಕೋಟಾ.

ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಹಂಚುತ್ತದೆ. ಸಾಮಾನ್ಯ ಸೀಟುಗಳಿಗೆ ದ್ವಿತೀಯ ಪಿ.ಯು.ಸಿ. ಅಂಕಗಳಿಗೆ ಅರ್ಧ, ಸಿ.ಇ.ಟಿ. ಅಂಕಗಳಿಗೆ ಅರ್ಧ ಬೆಲೆ. ವ್ಯವಸಾಯಗಾರರ ಕೋಟಾದಲ್ಲಿ ಲೆಕ್ಕ ಬೇರೆ. ಇಲ್ಲಿ ಪಿ.ಯು.ಸಿ.ಗೆ ಶೇಕಡ 25, ಸಿ.ಇ.ಟಿ.ಗೆ ಶೇಕಡ 25, ಉಳಿದ ಶೇಕಡ 50 ಕೃಷಿ ಪ್ರಾಯೋಗಿಕ ಪರೀಕ್ಷೆಗೆ. ಹಿಂದೆ ಶೇಕಡ 40ರಷ್ಟಿದ್ದ ಈ ಕೋಟಾದ ಸೀಟುಗಳನ್ನು ನಂತರ ಶೇಕಡ 50ಕ್ಕೆ ಏರಿಸಲಾಯಿತು.

ಇದರ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಬ್ಬರು ವಿದ್ಯಾರ್ಥಿಗಳು ಇದ್ದಾರೆಂದು ಇಟ್ಟುಕೊಳ್ಳೋಣ. ಮೊದಲನೆಯವನಿಗೆ ಪಿ.ಯು.ಸಿ.ಯಲ್ಲಿ ಶೇಕಡ 86, ಸಿ.ಇ.ಟಿ.ಯಲ್ಲಿ ಶೇಕಡ 55. ಎರಡನೆಯವಳಿಗೆ ಪಿ.ಯು.ಸಿ.ಯಲ್ಲಿ ಶೇಕಡ 62, ಸಿ.ಇ.ಟಿ.ಯಲ್ಲಿ ಶೇಕಡ 35. ಸಾಮಾನ್ಯ ಲೆಕ್ಕದಲ್ಲಿ ಮೊದಲನೆಯವನಿಗೆ 70.5, ಎರಡನೆಯವಳಿಗೆ 48.5. ಅವಳು ಬಹಳ ಹಿಂದೆ ಬಿದ್ದಳು.

ಇವರಿಬ್ಬರೂ ವ್ಯವಸಾಯಗಾರರ ಕೋಟಾದಲ್ಲಿ ಅರ್ಜಿ ಹಾಕಿದರೆನ್ನೋಣ. ಮೊದಲನೆಯವನು ಮನೆಯ ಹೊಲಕ್ಕೆ ಕಾಲಿಟ್ಟವನಲ್ಲ. ಪ್ರಾಯೋಗಿಕದಲ್ಲಿ ಶೇಕಡ 50 ಪಡೆದನು. ಎರಡನೆಯವಳು ತಂದೆತಾಯಿಯೊಡನೆ ರಾಗಿ, ಅವರೆ, ತರಕಾರಿ ಬೆಳೆದವಳು. ಶೇಕಡ 84 ಪಡೆದಳು. ಈಗ ಅವನ ಲೆಕ್ಕ 21.5, 13.75 ಮತ್ತು 25 ಸೇರಿ 60.25. ಅವಳದು 15.5, 8.75 ಮತ್ತು 42 ಸೇರಿ 66.25. ಅವಳು ಆರು ಅಂಕ ಮುಂದಾದಳು. ಈ ಕೋಟಾದಲ್ಲಿ ಪ್ರಾಯೋಗಿಕದ ಶೇಕಡ ಒಂದು ಅಂಕವು ಪಿ.ಯು.ಸಿ.ಯ ಶೇಕಡ ಎರಡು ಅಂಕಗಳಿಗೆ ಸಮ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ಇದರಿಂದ ಓದನ್ನು ಕೈಬಿಡಬಹುದೆಂದು ಯಾರೂ ತಿಳಿಯಬಾರದು. ಪಿ.ಯು.ಸಿ.ಯಲ್ಲಿ ನಿಗದಿತ ಕನಿಷ್ಠ ಅಂಕ ಇರಲೇಬೇಕು, ಸಿ.ಇ.ಟಿ. ಬರೆಯಲೇಬೇಕು. ಓದಿನಲ್ಲೂ ಹೊಲದಲ್ಲೂ ಚೆನ್ನಾಗಿರುವ ಮಕ್ಕಳು ಇದೇ ಕೋಟಾದಲ್ಲಿ ಸ್ಪರ್ಧಿಸುತ್ತಾರೆ. ಸಿ.ಇ.ಟಿ.ಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಗಣಿತವನ್ನೂ ಇಟ್ಟುಕೊಂಡವರಿಗೆ ಕೃಷಿ ಪದವಿಯಲ್ಲದೆ ಕೃಷಿ ಎಂಜಿನಿಯರಿಂಗ್‌ನಂತಹ ಇತರ ದಾರಿಗಳೂ ತೆರೆದಿರುತ್ತವೆ.

ಪ್ರಾಯೋಗಿಕ ಪರೀಕ್ಷೆಗೆ ಹೊಲವೇ ಪಾಠಶಾಲೆ

ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ, ಕಳೆ, ಕೀಟ, ರೋಗ, ಗೊಬ್ಬರ, ಉಪಕರಣ ಮುಂತಾದುವನ್ನು ಗುರುತಿಸಿ ಅವುಗಳ ಬಗ್ಗೆ ಉತ್ತರಿಸಬೇಕಾಗುತ್ತದೆ. ತೋಟಗಾರಿಕೆ, ರೇಷ್ಮೆ, ಪಶುಪಾಲನೆಯ ವಿಷಯಗಳೂ ಬರಬಹುದು. ಸಿ.ಇ.ಟಿ. ಮುಗಿದ ಮೇಲೆ ಹದಿನೈದು ದಿನದಲ್ಲಿ ಇದನ್ನೆಲ್ಲ ಕಲಿಯುತ್ತೇನೆಂದರೆ ಆಗದು. ಪ್ರಥಮ ಪಿ.ಯು.ಸಿ. ಸೇರಿದ ದಿನದಿಂದ ಎರಡು ಮುಂಗಾರುಗಳು ಕೈಯಲ್ಲಿರುತ್ತವೆ. ಅವನ್ನು ಈ ರೀತಿ ಬಳಸಿಕೊಳ್ಳಬಹುದು.

1. ಬೀಜದ ಪೆಟ್ಟಿಗೆ. ಸಣ್ಣ ಸೀಸೆ ಅಥವಾ ಪಾರದರ್ಶಕ ಚೀಲಗಳಲ್ಲಿ ರಾಗಿ, ನವಣೆ, ಸಾಮೆ, ಜೋಳ, ಹುರುಳಿ, ಅವರೆ, ತೊಗರಿ, ಅಲಸಂದೆ, ಹೆಸರು, ಉದ್ದು, ಹುಚ್ಚೆಳ್ಳು, ಎಳ್ಳು, ಸಾಸಿವೆ, ಹರಳು ಬೀಜಗಳನ್ನು ತುಂಬಿ ಹೆಸರಿನ ಚೀಟಿ ಅಂಟಿಸಬೇಕು. ನಂತರ ತರಕಾರಿ ಬೀಜಗಳನ್ನು ಸೇರಿಸಬೇಕು. ಒಂದನ್ನೊಂದು ಹೋಲುವ ಬೀಜಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಮುಖ್ಯ. ಸಾಸಿವೆಯೂ ಎಲೆಕೋಸೂ ಒಂದೇ ಕುಟುಂಬದ ಬೆಳೆಗಳಾದ್ದರಿಂದ ಅವುಗಳ ಬೀಜಗಳು ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಟೊಮೇಟೊ, ಬದನೆ, ಮೆಣಸಿನಕಾಯಿ ಇವು ಮೂರೂ ಒಂದೇ ಕುಟುಂಬದವು; ಟೊಮೇಟೊ ಬೀಜದ ಮೇಲೆ ನವಿರಾದ ರೋಮವಿರುತ್ತದೆ, ಉಳಿದೆರಡು ನುಣುಪು. ಈರುಳ್ಳಿ ಬೀಜ ಕಪ್ಪಾಗಿ ಮೂಲೆಮೂಲೆಯಾಗಿರುತ್ತದೆ. ಹುಚ್ಚೆಳ್ಳು ಕಪ್ಪಾಗಿ ಉದ್ದವಾಗಿ ಹೊಳೆಯುತ್ತದೆ. ಅಂಗಡಿಯಿಂದ ತಂದ ಬಣ್ಣದ ಬೀಜಕ್ಕೆ ಔಷಧಿ ಲೇಪನವಾಗಿರುತ್ತದೆ; ಮುಟ್ಟಿದ ಮೇಲೆ ಕೈ ತೊಳೆಯಬೇಕು.

2. ಕಳೆಗಳ ಪುಸ್ತಕ. ಕಳೆ ತೆಗೆಯುವಾಗ ಒಂದೊಂದು ಗಿಡವನ್ನು ಬೇರು ಸಹಿತ ಕಿತ್ತು, ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಅಂಟಿಸಬೇಕು. ಗರಿಕೆ, ಜೇಕು, ತುಂಬೆ, ಅಣ್ಣೆ ಸೊಪ್ಪು ಮುಂತಾದುವು ಎಲ್ಲರ ಹೊಲದಲ್ಲೂ ದೊರೆಯುತ್ತವೆ. ಪಾರ್ಥೇನಿಯಂ ಹೊಲಕ್ಕಿಂತ ಹೆಚ್ಚಾಗಿ ಖಾಲಿ ನಿವೇಶನಗಳಲ್ಲಿ ಬೆಳೆದಿರುತ್ತದೆ. ಅದರಿಂದ ಚರ್ಮಕ್ಕೆ ತುರಿಕೆಯಾಗುವುದರಿಂದ ಬರಿಗೈಯಲ್ಲಿ ಕೀಳಬಾರದು. ಊರಿನ ಹೆಸರಿನ ಪಕ್ಕದಲ್ಲೇ ಪುಸ್ತಕದ ಹೆಸರನ್ನೂ ಬರೆದಿಡಬೇಕು. ಮನೆಯ ಅಜ್ಜಿಗೆ ಗೊತ್ತಿರುವ ಹೆಸರು ಪರೀಕ್ಷಕರಿಗೆ ಗೊತ್ತಿರಬೇಕೆಂದಿಲ್ಲ.

3. ಕೀಟ ಮತ್ತು ರೋಗ. ರಾಗಿಯ ಬೆಂಕಿ ರೋಗದಲ್ಲಿ ಎಲೆ, ತೆನೆಯ ಕುತ್ತಿಗೆ ಮತ್ತು ತೆನೆ ಮೂರಕ್ಕೂ ಹಾನಿಯಾಗುವುದನ್ನು ಹೊಲದಲ್ಲೇ ನೋಡಬೇಕು. ಮೇವಿಗೆ ಹಾಕಿದ ಮುಸುಕಿನ ಜೋಳದ ಸುಳಿ ಬಿಡಿಸಿದರೆ ಸೈನಿಕ ಹುಳು ಸಿಗುವುದುಂಟು. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನಮ್ಮ ಕರ್ನಾಟಕದಲ್ಲೇ ಕಾಣಿಸಿಕೊಂಡ ಈ ಹೊಸ ಬಗೆಯ ಸೈನಿಕ ಹುಳುವಿನ ತಲೆಯ ಮೇಲೆ ತಿರುಗುಮುರುಗಾದ ಇಂಗ್ಲಿಷ್ ವೈ ಅಕ್ಷರದ ಗುರುತೂ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಒಮ್ಮೆ ಅಂಗೈಯಲ್ಲಿಟ್ಟು ನೋಡಿದ ಹುಳುವನ್ನು ವಿದ್ಯಾರ್ಥಿ ಮರೆಯುವುದಿಲ್ಲ. ಗುಲಗಂಜಿ ಹುಳುವಿನಂತಹ ಉಪಕಾರಿ ಕೀಟಗಳನ್ನೂ ಗುರುತಿಸಲು ಕಲಿಯಬೇಕು.

4. ಗೊಬ್ಬರದ ಲೆಕ್ಕ. ಯೂರಿಯಾ ಬಿಳಿಯ ಸಣ್ಣ ಹರಳು. ನೀರಿಗೆ ಹಾಕಿದರೆ ಕರಗಿ ನೀರು ತಣ್ಣಗಾಗುತ್ತದೆ. ಅದರಲ್ಲಿ ಶೇಕಡ 46 ಸಾರಜನಕ. 2018ರಿಂದ ಯೂರಿಯಾ ಚೀಲದ ತೂಕ 50ರ ಬದಲು 45 ಕಿಲೋ ಆದ್ದರಿಂದ ಒಂದು ಚೀಲದಲ್ಲಿ ದೊರೆಯುವ ಸಾರಜನಕ 20.7 ಕಿಲೋ. ಡಿ.ಎ.ಪಿ.ಯಲ್ಲಿ ಶೇಕಡ 18 ಸಾರಜನಕ, ಶೇಕಡ 46 ರಂಜಕ. 50 ಕಿಲೋ ಚೀಲಕ್ಕೆ 9 ಕಿಲೋ ಸಾರಜನಕ, 23 ಕಿಲೋ ರಂಜಕ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಶೇಕಡ 60 ಪೊಟ್ಯಾಷ್. ತಂದೆ ಗೊಬ್ಬರ ತರುವಾಗ ಚೀಲದ ಮೇಲಿನ ಬರಹವನ್ನು ಮಗು ಓದಿ ಲೆಕ್ಕ ಹಾಕಿದರೆ ಪರೀಕ್ಷೆಗೂ ಬೇಸಾಯಕ್ಕೂ ಉಪಯೋಗ.

5. ಉಪಕರಣಗಳು. ನೇಗಿಲು, ಕುಂಟೆ, ಕೂರಿಗೆ ಅಟ್ಟ ಸೇರಿದ ಮನೆಗಳೇ ಈಗ ಹೆಚ್ಚು. ಕೆಳಗಿಳಿಸಿ ಅದರ ಭಾಗಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ಟ್ರ್ಯಾಕ್ಟರ್ ಉಪಕರಣಗಳು, ಸಿಂಪರಣಾ ಯಂತ್ರ, ಹನಿ ನೀರಾವರಿಯ ಬಿಡಿಭಾಗಗಳನ್ನು ನೋಡಲು ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿ ಮೇಳ ಒಳ್ಳೆಯ ಅವಕಾಶ. ಒಂದು ಪುಸ್ತಕ, ಪೆನ್ಸಿಲು ಹಿಡಿದು ಇಡೀ ದಿನ ತಿರುಗಿದರೆ ಪಠ್ಯದ ಎಷ್ಟೋ ಪುಟಗಳು ಕಣ್ಣೆದುರು ಬರುತ್ತವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಭೇಟಿ ಕೊಡಬಹುದು.

ಇಲ್ಲಿ ಪೋಷಕರಿಗೆ ಒಂದು ಮಾತು ಹೇಳಬೇಕಾಗಿದೆ. "ನಾವು ಮಣ್ಣಲ್ಲಿ ಬಿದ್ದದ್ದು ಸಾಕು, ನೀನು ಓದಿಕೋ" ಎಂದು ಮಗುವನ್ನು ಹೊಲದಿಂದ ದೂರವಿಡುವುದು ಪ್ರೀತಿಯಿಂದಲೇ. ಆದರೆ ಹಾಗೆ ದೂರವಿಟ್ಟ ಮಗು ಪ್ರಾಯೋಗಿಕ ಪರೀಕ್ಷೆಯಲ್ಲಿ ನಗರದ ಮಗುವಿನಂತೆಯೇ ತಡವರಿಸುತ್ತದೆ. ವಾರಕ್ಕೆ ಒಂದು ದಿನ, ರಜೆಯ ದಿನಗಳಲ್ಲಿ ಎರಡು ಗಂಟೆ ಹೊಲಕ್ಕೆ ಕರೆದೊಯ್ದರೆ ಓದಿಗೆ ತೊಂದರೆಯಾಗದು.

ದಾಖಲೆಗಳು: ಇಲ್ಲಿಯೇ ಹೆಚ್ಚಿನವರು ಎಡವುವುದು

ಜ್ಞಾನವಿದ್ದೂ ಕಾಗದವಿಲ್ಲದೆ ಸೀಟು ಕಳೆದುಕೊಳ್ಳುವ ಸಂದರ್ಭಗಳಿವೆ. ಕೆಳಗಿನ ಅಂಶಗಳನ್ನು ಪಿ.ಯು.ಸಿ. ಸೇರಿದ ವರ್ಷದಲ್ಲೇ ಪರಿಶೀಲಿಸಿಕೊಳ್ಳಬೇಕು.

ಮೊದಲನೆಯದು ಜಮೀನಿನ ದಾಖಲೆ. ಕೋಟಾ ಕೇಳುವವರು ವ್ಯವಸಾಯಗಾರರ ಪ್ರಮಾಣ ಪತ್ರವನ್ನು ತಹಶೀಲ್ದಾರರಿಂದ ಪಡೆಯಬೇಕು. ಕುಟುಂಬದ ಜಮೀನು ಮತ್ತು ಬೇಸಾಯದ ಆದಾಯದ ಆಧಾರದ ಮೇಲೆ ಇದನ್ನು ಕೊಡಲಾಗುತ್ತದೆ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರ ನಡುವೆ ಪಾಲಾಗಿದ್ದೂ ದಾಖಲಾಗದಿದ್ದರೆ ಅದನ್ನೂ ಸರಿಪಡಿಸಬೇಕು. ಇವು ಒಂದು ವಾರದಲ್ಲಿ ಮುಗಿಯುವ ಕೆಲಸಗಳಲ್ಲ. ಭೂ ಪರಿವರ್ತನೆಯಾದ ಜಮೀನು ವ್ಯವಸಾಯದ ಜಮೀನಾಗಿ ಉಳಿಯುವುದಿಲ್ಲ. ಇದ್ದ ಜಮೀನನ್ನೆಲ್ಲ ಬಡಾವಣೆಗೆ ಕೊಟ್ಟು ಬಾಡಿಗೆ ಮನೆಗಳ ಆದಾಯದಿಂದ ಬದುಕುವ ಕುಟುಂಬವು ಈ ಪ್ರಮಾಣ ಪತ್ರ ಪಡೆಯುವುದು ಕಷ್ಟ. ಆದುದರಿಂದ ಉಳಿದಿರುವ ಕೊನೆಯ ತುಂಡನ್ನು ಮಾರುವ ಮೊದಲು ಮನೆಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಓದುವ ಮಕ್ಕಳಿದ್ದಾರೆಯೇ ಎಂದು ಯೋಚಿಸಬೇಕು.

ಎರಡನೆಯದು ಗ್ರಾಮೀಣ ಮೀಸಲಾತಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದ ಅರ್ಹ ವಿದ್ಯಾರ್ಥಿಗಳಿಗೆ ವೃತ್ತಿಪರ ಪದವಿಗಳಲ್ಲಿ ಶೇಕಡ 15ರಷ್ಟು ಸೀಟುಗಳಿವೆ. 2007ರಲ್ಲಿ ಪಾಲಿಕೆಗೆ ಸೇರಿದ ಊರಿನ ಶಾಲೆಯಲ್ಲಿ ಆ ನಂತರ ಓದಿದ ಮಗುವಿಗೆ ಇದು ದೊರೆಯುವುದಿಲ್ಲ, ಶಾಲೆಯ ಪಕ್ಕದಲ್ಲಿ ರಾಗಿ ಹೊಲವೇ ಇದ್ದರೂ ಸಹ. ಆನೇಕಲ್, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಶಾಲೆಗಳಲ್ಲಿ ಓದುವವರು ಇದನ್ನು ಕೇಳಬಹುದು. ಒಳ್ಳೆಯ ಶಾಲೆಯೆಂದು ಒಂದೆರಡು ವರ್ಷದ ಮಟ್ಟಿಗೆ ಮಗುವನ್ನು ಪೇಟೆಗೆ ಕಳಿಸಿದರೂ ಹತ್ತು ವರ್ಷದ ಸರಪಣಿ ತುಂಡಾಗುತ್ತದೆ. ವ್ಯಾಸಂಗ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಬೇಕು.

ಮೂರನೆಯದು ಕನ್ನಡ ಮಾಧ್ಯಮದ ಮೀಸಲಾತಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟು ಸೀಟುಗಳಿವೆ. ಇದಕ್ಕೆ ಊರು ಪಾಲಿಕೆಯಲ್ಲಿದೆಯೋ ಪಂಚಾಯಿತಿಯಲ್ಲಿದೆಯೋ ಎಂಬ ಭೇದವಿಲ್ಲ. ಪಾಲಿಕೆಗೆ ಸೇರಿದ ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳು ಇದನ್ನು ಮರೆಯಬಾರದು.

ನಾಲ್ಕನೆಯದು ಅರ್ಜಿ. ಸಿ.ಇ.ಟಿ. ಅರ್ಜಿ ತುಂಬುವಾಗಲೇ ಈ ಎಲ್ಲ ಕೋಟಾಗಳನ್ನು ಕೇಳಿಕೊಂಡಿರಬೇಕು. ಸೈಬರ್ ಅಂಗಡಿಯ ಹುಡುಗ ಅವಸರದಲ್ಲಿ "ಇಲ್ಲ" ಎಂದು ತುಂಬಿದರೆ ಎರಡು ವರ್ಷದ ಸಿದ್ಧತೆ ವ್ಯರ್ಥವಾಗುತ್ತದೆ. ಅರ್ಜಿಯ ಪ್ರತಿಯನ್ನು ಮುದ್ರಿಸಿಕೊಂಡು ಒಂದೊಂದು ಸಾಲನ್ನೂ ಓದಿ ನೋಡಬೇಕು. ಪ್ರಾಯೋಗಿಕ ಪರೀಕ್ಷೆಯ ದಿನಾಂಕ, ಕೇಂದ್ರ, ಪರೀಕ್ಷೆಯ ರೀತಿಯನ್ನು ಆಯಾ ವರ್ಷದ ಪ್ರಾಧಿಕಾರದ ಮಾಹಿತಿ ಪುಸ್ತಕದಿಂದಲೇ ತಿಳಿಯಬೇಕು. ಹಿಂದಿನ ವರ್ಷದವರ ಮಾತನ್ನು ನೆಚ್ಚಬಾರದು.

ಎಸ್.ಎಸ್.ಎಲ್.ಸಿ.ಯಲ್ಲೇ ಅಂಕ ಕಡಿಮೆಯಾದರೆ

ಮೊದಲು ತಿಳಿಯಬೇಕಾದದ್ದು, ಒಂದು ಪರೀಕ್ಷೆಯ ಅಂಕವೇ ಕೊನೆಯದಲ್ಲ. 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಎರಡನೆಯ ಪರೀಕ್ಷೆಯ ಅರ್ಜಿಗೆ ಕೊಡುವ ದಿನಗಳು ಕಡಿಮೆ. ಫಲಿತಾಂಶದ ವಾರದಲ್ಲಿ ಅಳುತ್ತ ಕುಳಿತರೆ ದಿನಾಂಕ ಮೀರುತ್ತದೆ.

ವಿಜ್ಞಾನ ವಿಭಾಗಕ್ಕೆ ಖಾಸಗಿ ಕಾಲೇಜುಗಳು ಹೆಚ್ಚಿನ ಅಂಕ ಕೇಳುತ್ತವೆ. ಸರ್ಕಾರಿ ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಸಾಧಾರಣ ಅಂಕದವರಿಗೂ ಸ್ಥಳ ಸಿಗುವ ಸಂಭವ ಹೆಚ್ಚು. ಕೃಷಿ ಕೋಟಾದ ಗುರಿಯಿರುವ ವಿದ್ಯಾರ್ಥಿಗೆ ಕಾಲೇಜಿನ ಹೆಸರಿಗಿಂತ ಜೀವಶಾಸ್ತ್ರವಿರುವ ವಿಭಾಗ ಮುಖ್ಯ.

ಪಿ.ಯು.ಸಿ. ವಿಜ್ಞಾನ ಹೊರೆಯೆನಿಸಿದವರಿಗೆ ಕೃಷಿ ವಿಶ್ವವಿದ್ಯಾನಿಲಯಗಳು ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಇದಕ್ಕೆ ಎಸ್.ಎಸ್.ಎಲ್.ಸಿ. ನಂತರ ಸೇರಬಹುದು, ಬೋಧನೆ ಕನ್ನಡದಲ್ಲಿ. ಹೊಲದ ಕೆಲಸಕ್ಕೆ ಇಲ್ಲಿ ಹೆಚ್ಚಿನ ಗಮನ ಕೊಡುತ್ತಾರೆ. ಸ್ವಂತ ಬೇಸಾಯಕ್ಕೆ ಮರಳುವವರಿಗೂ ಬೀಜ, ಗೊಬ್ಬರ, ಸಸಿ ಮಾರಾಟದ ಉದ್ಯೋಗ ಮಾಡುವವರಿಗೂ ಇದು ಉಪಯುಕ್ತ.

ಪೀಣ್ಯದ ದಾರಿ: ಐ.ಟಿ.ಐ.ಯಿಂದ ಎಂಜಿನಿಯರಿಂಗ್‌ವರೆಗೆ

ಜಮೀನು ಉಳಿದಿಲ್ಲದ, ಆದ್ದರಿಂದ ವ್ಯವಸಾಯಗಾರರ ಕೋಟಾ ಸಿಗದ ಕುಟುಂಬಗಳು ಈ ಪ್ರದೇಶದಲ್ಲಿ ಬಹಳ. ಅವರ ಮಕ್ಕಳಿಗೆ ಮನೆಯ ಎದುರಿನ ಕಾರ್ಖಾನೆಯೇ ಇನ್ನೊಂದು ದಾರಿ ತೋರಿಸುತ್ತದೆ.

ಎಸ್.ಎಸ್.ಎಲ್.ಸಿ.ಯಲ್ಲಿ ಕೇವಲ ಉತ್ತೀರ್ಣನಾದ ವಿದ್ಯಾರ್ಥಿಯೂ ಐ.ಟಿ.ಐ. ಸೇರಬಹುದು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ನಂತಹ ಎರಡು ವರ್ಷದ ತರಬೇತಿ ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. ಐ.ಟಿ.ಐ.ಗೆ ಎರಡು, ಡಿಪ್ಲೊಮಾಕ್ಕೆ ಎರಡು, ಪದವಿಗೆ ಮೂರು, ಒಟ್ಟು ಏಳು ವರ್ಷ. ಪಿ.ಯು.ಸಿ. ಮೂಲಕ ಹೋದವರಿಗೆ ಎರಡು ಮತ್ತು ನಾಲ್ಕು ಸೇರಿ ಆರು ವರ್ಷ. ಒಂದೇ ವರ್ಷದ ವ್ಯತ್ಯಾಸ. ಐ.ಟಿ.ಐ. ಬಿಟ್ಟು ನೇರವಾಗಿ ಮೂರು ವರ್ಷದ ಡಿಪ್ಲೊಮಾ ಸೇರಿದರೆ ಇಲ್ಲೂ ಆರೇ ವರ್ಷ. ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಕಸುಬಿರುತ್ತದೆ ಎಂಬುದು ಈ ದಾರಿಯ ದೊಡ್ಡ ಗುಣ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಗಳಲ್ಲಿ ಭತ್ಯೆಯೊಡನೆ ತರಬೇತಿ ಪಡೆಯಬಹುದು.

ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಪೀಣ್ಯದಲ್ಲಿರುವ ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನ ಮುಂತಾದ ಸಂಸ್ಥೆಗಳು ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾಗಳನ್ನು ನಡೆಸುತ್ತವೆ. ಸೇರುವ ಮೊದಲು ಆ ಡಿಪ್ಲೊಮಾದಿಂದ ಪದವಿಗೆ ಹೋಗಲು ಅವಕಾಶವಿದೆಯೇ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಸಾಮಾನ್ಯ ಪದವಿ ಮತ್ತು ದೂರ ಶಿಕ್ಷಣ

ಬಿ.ಎ., ಬಿ.ಕಾಂ.ನಂತಹ ಪದವಿಗಳಿಗೆ ಪಿ.ಯು.ಸಿ. ಉತ್ತೀರ್ಣತೆಯೇ ಮುಖ್ಯ ಅರ್ಹತೆ; ಸಿ.ಇ.ಟಿ. ಬೇಕಿಲ್ಲ. ಕೃಷ್ಣರಾಜಪುರ, ವರ್ತೂರು, ಆನೇಕಲ್, ಯಲಹಂಕಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಶುಲ್ಕ ಕಡಿಮೆ, ಮನೆಯಿಂದಲೇ ಹೋಗಿಬರಬಹುದು. ಪಾಳಿಯಲ್ಲಿ ದುಡಿಯಲೇಬೇಕಾದ ಯುವಕ ಯುವತಿಯರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪದವಿಗಳಿವೆ. ಪದವಿಯಲ್ಲಿ ಶ್ರಮಪಟ್ಟು ಒಳ್ಳೆಯ ಅಂಕ ಪಡೆದವನು ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕುವಾಗ ಪದವಿಯ ಅಂಕವನ್ನು ನೋಡುತ್ತಾರೆ. ಹತ್ತನೆಯ ತರಗತಿಯ ಸೋಲು ಅಲ್ಲಿಯವರೆಗೆ ಹಿಂಬಾಲಿಸುವುದಿಲ್ಲ.

ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ಫಲಿತಾಂಶದ ನಂತರ ಊರೂರಿಗೆ ಬರುವ ಮಧ್ಯವರ್ತಿಗಳು ಹೊರರಾಜ್ಯದ ಅಥವಾ ಖಾಸಗಿ ಕಾಲೇಜಿನ ಸೀಟು ಕೊಡಿಸುವುದಾಗಿ ಮುಂಗಡ ಕೇಳುತ್ತಾರೆ. 1984ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ಕಾಯಿದೆಯಂತೆ ಕ್ಯಾಪಿಟೇಶನ್ ಶುಲ್ಕ ವಸೂಲಿ ನಿಷಿದ್ಧ. ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಸೀಟು ಯಾವ ವಿಶ್ವವಿದ್ಯಾನಿಲಯದ್ದು? ಕೃಷಿ ಪದವಿಯಾದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯೇ? ಹಣಕ್ಕೆ ಕಾಲೇಜಿನ ಹೆಸರಿನ ರಸೀದಿ ಕೊಡುತ್ತಾರೆಯೇ? ಮೂರರಲ್ಲಿ ಒಂದಕ್ಕೆ ಸರಿಯಾದ ಉತ್ತರ ಬಾರದಿದ್ದರೂ ಆ ವ್ಯವಹಾರದಿಂದ ದೂರವಿರುವುದು ಲೇಸು. ಬೇಸಾಯದಲ್ಲಿ ಚೀಟಿಯಿಲ್ಲದ ಬಿತ್ತನೆ ಬೀಜವನ್ನು ಜಾಣ ರೈತ ಕೊಳ್ಳುವುದಿಲ್ಲ, ಇದೂ ಹಾಗೆಯೇ.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದ ಕೆಲಸ

ರೈತ ಸಂಪರ್ಕ ಕೇಂದ್ರಗಳ ಸಿಬ್ಬಂದಿಯು ಬೀಜ ವಿತರಣೆಯ ದಿನಗಳಲ್ಲಿ ಹೆಚ್ಚಿನ ರೈತರನ್ನು ಕಾಣುತ್ತಾರೆ. ಆಗಲೇ ಪಿ.ಯು.ಸಿ. ಓದುವ ಮಕ್ಕಳಿದ್ದಾರೆಯೇ ಎಂದು ಕೇಳಿ, ಕೋಟಾದ ವಿಷಯ ತಿಳಿಸಬಹುದು. ಕ್ಷೇತ್ರೋತ್ಸವಕ್ಕೆ ಪಕ್ಕದ ಸರ್ಕಾರಿ ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕರನ್ನೂ ವಿದ್ಯಾರ್ಥಿಗಳನ್ನೂ ಆಹ್ವಾನಿಸಿದರೆ ಒಂದೇ ಕೆಲಸದಲ್ಲಿ ಎರಡು ಪ್ರಯೋಜನ. ಕಾಲೇಜಿನಲ್ಲಿ ಒಂದು ಬೀಜದ ಪೆಟ್ಟಿಗೆ ಮತ್ತು ಒಂದು ಕಳೆ ಪುಸ್ತಕ ಇಡಿಸಿದರೆ ಮುಂದಿನ ವರ್ಷಗಳ ಮಕ್ಕಳಿಗೂ ಅದು ಉಳಿಯುತ್ತದೆ. ಕೃಷಿ ಪದವಿಯ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗೆ ಬಂದಾಗ ಸಂಜೆಯ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡುವಂತೆ ಕೇಳಬಹುದು.

ಬೆಂಗಳೂರಿನ ಹೊರವಲಯದಲ್ಲಿ ಇನ್ನೂ ಒಂದೆರಡು ಎಕರೆ ಉಳಿಸಿಕೊಂಡ ರೈತರು ಅದರ ಬೆಲೆಯನ್ನು ಗುಂಟೆಯ ಲೆಕ್ಕದಲ್ಲಿ ಮಾತ್ರ ನೋಡಬಾರದು. ಆ ಭೂಮಿಯ ಪಹಣಿ ಮಗುವಿನ ಅರ್ಜಿಗೆ ಆಧಾರ. ಆ ಭೂಮಿಯ ರಾಗಿ, ಕಳೆ, ಹುಳು ಮಗುವಿನ ಪರೀಕ್ಷೆಯ ಅರ್ಧ ಪಾಠ. ಅಂಕಪಟ್ಟಿ ನೋಡಿ ಎದೆಗುಂದಿದ ಮಗುವನ್ನು ಈ ಮುಂಗಾರಿನಲ್ಲೇ ಒಮ್ಮೆ ಹೊಲಕ್ಕೆ ಕರೆದೊಯ್ದು, ಮೊದಲ ಬೀಜದ ಸೀಸೆಯನ್ನು ಅದರ ಕೈಯಿಂದಲೇ ತುಂಬಿಸಿ ಚೀಟಿ ಅಂಟಿಸಲು ಹೇಳಿದರೆ ಸಿದ್ಧತೆ ಆರಂಭವಾದಂತೆ.